ಮನೆ ಬದಲಾದರೆ ಕೆಲಸ ಎಷ್ಟು ದೂರ? ವಿಶ್ವವಿದ್ಯಾಲಯದ ಸಮೀಕ್ಷೆ ಕುರಿತು ಪ್ರಶ್ನೋತ್ತರ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾವಿರುವುದು ಬೆಂಗಳೂರಿನ ನಡುಭಾಗದ ಒಂದು ಕೊಳೆಗೇರಿಯಲ್ಲಿ. ಸುಮಾರು ಇನ್ನೂರು ಮನೆಗಳಿವೆ. ನಮ್ಮನ್ನು 18 ಕಿಲೋಮೀಟರ್ ಆಚೆಯ ಬಹುಮಹಡಿ ಮನೆಗಳಿಗೆ ಸಾಗಿಸುವ ಮಾತು ಎರಡು ವರ್ಷದಿಂದ ನಡೆಯುತ್ತಿದೆ. ಈ ನಡುವೆ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆಮನೆಗೆ ಬಂದು ಸಂಬಳ, ಬಾಡಿಗೆ, ಬಸ್ಸಿನ ಖರ್ಚು ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಇದು ಎತ್ತಂಗಡಿಯ ಪೀಠಿಕೆ ಎಂದು ಹೆದರಿ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದಾರೆ. ಇಂತಹ ಸಂಶೋಧನೆಯಿಂದ ನಮಗೇನಾದರೂ ಉಪಯೋಗವಿದೆಯೇ? ಉತ್ತರ ಕೊಡಬೇಕೇ, ಬೇಡವೇ?

ಉತ್ತರ (ವಸತಿ ಮತ್ತು ಸಾರಿಗೆ ಸಂಶೋಧಕಿ): ನಮಸ್ಕಾರ. ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಕೈಯಲ್ಲಿ ಫಾರಂ ಹಿಡಿದು ಬರುವವರೆಲ್ಲ ನೋಡುವವರ ಕಣ್ಣಿಗೆ ಒಂದೇ ರೀತಿ ಕಾಣುತ್ತಾರೆ. ಆದರೆ ಎರಡು ಬಗೆಯ ಸಮೀಕ್ಷೆಗಳನ್ನು ಬೇರ್ಪಡಿಸಿ ನೋಡಬೇಕು. ಸರ್ಕಾರಿ ಸಂಸ್ಥೆ ಫಲಾನುಭವಿಗಳ ಪಟ್ಟಿಗಾಗಿ ನಡೆಸುವ ಎಣಿಕೆಯಲ್ಲಿ ಹೆಸರು ಬಿಟ್ಟುಹೋದರೆ ಮುಂದೆ ಮನೆ ಸಿಗುವುದೇ ಕಷ್ಟವಾಗಬಹುದು, ಅದನ್ನು ತಪ್ಪಿಸಿಕೊಳ್ಳಬಾರದು. ವಿಶ್ವವಿದ್ಯಾಲಯದ ಅಧ್ಯಯನಕ್ಕಾದರೆ ನಿಮ್ಮ ಆಧಾರ್ ಸಂಖ್ಯೆಯಾಗಲಿ ಬ್ಯಾಂಕ್ ಖಾತೆಯಾಗಲಿ ಬೇಕಿಲ್ಲ, ಉತ್ತರ ಕೊಡಲು ಇಷ್ಟವಿಲ್ಲವೆಂದರೆ ಅವರು ಒತ್ತಾಯಿಸುವಂತಿಲ್ಲ, ನಡುವೆ ನಿಲ್ಲಿಸುವುದಕ್ಕೂ ನೀವು ಸ್ವತಂತ್ರರು. ವಿಭಾಗದ ಪತ್ರ, ಮಾರ್ಗದರ್ಶಕ ಪ್ರಾಧ್ಯಾಪಕರ ಹೆಸರು, ನೈತಿಕ ಸಮಿತಿಯ (ಜನರ ಮೇಲೆ ನಡೆಸುವ ಅಧ್ಯಯನವನ್ನು ಮೊದಲೇ ಪರಿಶೀಲಿಸುವ ಸಮಿತಿ) ಅನುಮತಿ, ಈ ಮೂರನ್ನು ಕೇಳಿ. ತೋರಿಸಲು ಹಿಂಜರಿಯುವವರಿಗೆ ಬಾಗಿಲು ತೆರೆಯುವ ಅಗತ್ಯವಿಲ್ಲ.

ಉಪಯೋಗದ ಮಾತಿಗೆ ಬರುತ್ತೇನೆ. ನಿಮ್ಮ ಪರಿಸ್ಥಿತಿಗೆ ಬಹಳ ಹತ್ತಿರವಾದ ಅಧ್ಯಯನವೊಂದು ಅಹಮದಾಬಾದಿನಲ್ಲಿ ನಡೆದಿದೆ. ಅಲ್ಲಿ 1987ರಲ್ಲಿ ಕೊಳೆಗೇರಿಗಳಲ್ಲಿದ್ದ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ನಗರದ ಅಂಚಿನಲ್ಲಿ ಕಟ್ಟಿದ ಮನೆಗಳನ್ನು ಚೀಟಿ ಎತ್ತಿ ಹಂಚಲಾಯಿತು. ಚೀಟಿಯಲ್ಲಿ ಹೆಸರು ಬಂದವರಿಗೂ ಬಾರದವರಿಗೂ ಅದೃಷ್ಟದ ಹೊರತು ಬೇರೆ ವ್ಯತ್ಯಾಸವಿರಲಿಲ್ಲವಾದ್ದರಿಂದ, ಹದಿನಾಲ್ಕು ವರ್ಷಗಳ ನಂತರ ಎರಡೂ ಗುಂಪುಗಳನ್ನು ಹೋಲಿಸಿದರೆ ಮನೆ ಬದಲಾದದ್ದರಿಂದಲೇ ಏನಾಯಿತೆಂಬುದು ತಿಳಿಯುವಂತಿತ್ತು. ಶರೋನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್ ಮತ್ತು ರೋಹಿಣಿ ಪಾಂಡೆ ಅವರು 2017ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಮನೆ ಸಿಕ್ಕವರಲ್ಲಿ ಶೇ. 34 ಮಂದಿ ಅಲ್ಲಿಗೆ ವಾಸಕ್ಕೆ ಹೋಗಲೇ ಇಲ್ಲ, ಇನ್ನೂ ಶೇ. 32 ಮಂದಿ ಹೋಗಿ, ಕೊನೆಗೆ ಬಿಟ್ಟು ಬಂದರು. ಮನೆಯ ಗುಣಮಟ್ಟವೇನೋ ಉತ್ತಮವಾಗಿತ್ತು. ಆದರೆ ಕುಟುಂಬದ ಆದಾಯದಲ್ಲಾಗಲಿ ಮಕ್ಕಳ ಸ್ಥಿತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಬಂಧುಬಳಗದಿಂದ ದೂರವಾದದ್ದರಿಂದ, ಕಷ್ಟಕಾಲದಲ್ಲಿ ಒದಗಿಬರುತ್ತಿದ್ದ ಆಸರೆಯೂ ಕಡಿಮೆಯಾಯಿತು. ನಮ್ಮ ಕಡೆ ಕೈಸಾಲ ಎನ್ನುತ್ತೇವಲ್ಲ, ಅಂತಹದ್ದು. ಮನೆಯನ್ನು ಗೋಡೆ ಮತ್ತು ಚಾವಣಿಯಿಂದ ಮಾತ್ರ ಅಳೆಯುವ ಯೋಜನೆ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಅಧ್ಯಯನವನ್ನು ನಾನು ಓದಿಲ್ಲ.

ಹಾಗೆಂದು ಸ್ಥಳಾಂತರವೆಲ್ಲ ಕೆಟ್ಟದ್ದು ಎಂದು ಇದರಿಂದ ಸಾಬೀತಾಗುವುದಿಲ್ಲ. ಮಳೆಗಾಲದಲ್ಲಿ ರಾಜಕಾಲುವೆಯ ನೀರು ನುಗ್ಗುವ ಮನೆಗಳಲ್ಲಿರುವವರ ಲೆಕ್ಕವೇ ಬೇರೆ. ಆದ್ದರಿಂದ ಉತ್ತರ ಕೊಡಿ ಎಂಬುದು ನನ್ನ ಸಲಹೆ. ನೀವು ಈಗಿರುವ ಜಾಗದಲ್ಲಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬುದು ಇಂದು ದಾಖಲಾಗದಿದ್ದರೆ, ನಾಳೆ ಏನು ಕಳೆದುಕೊಂಡಿರಿ ಎಂದು ತೋರಿಸಲು ನಿಮ್ಮ ಬಳಿ ಆಧಾರವೇ ಇರುವುದಿಲ್ಲ.

ಮತ್ತೊಬ್ಬ ಮಹಿಳೆಯ ಪ್ರಶ್ನೆ: ನಮ್ಮ ಬೀದಿಗೂ ಅದೇ ತಂಡ ಬಂದಿತ್ತು. ‘ನಿನ್ನೆ ಎಲ್ಲೆಲ್ಲಿಗೆ ಪ್ರಯಾಣ ಮಾಡಿದಿರಿ’ ಎಂದು ಅಮ್ಮನನ್ನು ಕೇಳಿದಾಗ ‘ಎಲ್ಲೂ ಹೋಗಿಲ್ಲಮ್ಮ’ ಎಂದುಬಿಟ್ಟರು. ಆದರೆ ಅವರು ಬೆಳಿಗ್ಗೆ ಎರಡು ಮನೆಗಳಲ್ಲಿ ಪಾತ್ರೆ ತೊಳೆದು, ಮೊಮ್ಮಗನನ್ನು ಅಂಗನವಾಡಿಗೆ ಬಿಟ್ಟು, ನ್ಯಾಯಬೆಲೆ ಅಂಗಡಿಗೂ ಹೋಗಿ ಬಂದಿದ್ದರು. ಇದು ಲೆಕ್ಕಕ್ಕೆ ಬರುವುದಿಲ್ಲವೇ?

ಉತ್ತರ: ಖಂಡಿತ ಬರಬೇಕು, ಮತ್ತು ಇದು ನಮ್ಮ ಕ್ಷೇತ್ರದ ಹಳೆಯ ಲೋಪ. ಪ್ರಯಾಣವೆಂದರೆ ಬಸ್ಸು ಹತ್ತುವುದು ಎಂದು ಜನ ತಿಳಿದಿರುತ್ತಾರೆ. ನಡೆದು ಹೋಗಿದ್ದು, ಅದರಲ್ಲೂ ಮನೆಯವರಿಗಾಗಿ ನಡೆದದ್ದು, ಕೇಳುವವರ ಕಾಗದಕ್ಕೂ ಹೇಳುವವರ ನೆನಪಿಗೂ ಬರುವುದಿಲ್ಲ. 2011ರ ಜನಗಣತಿಯನ್ನೇ ನೋಡಿ. ಕೆಲಸದ ಜಾಗಕ್ಕೆ ಎಷ್ಟು ದೂರ, ಯಾವ ವಾಹನ ಎಂದು ಅದು ಕೇಳಿತು. ಒಳ್ಳೆಯದೇ. ಆದರೆ ಕೃಷಿಕರು, ಕೃಷಿ ಕೂಲಿಗಳು ಮತ್ತು ಗೃಹ ಕೈಗಾರಿಕೆಯವರನ್ನು ಬಿಟ್ಟು ಉಳಿದ ದುಡಿಯುವವರ ಬಗ್ಗೆ ಮಾತ್ರ ಆ ಅಂಕಿ ಸಿಗುತ್ತದೆ. ಎಷ್ಟು ನಿಮಿಷ ಹಿಡಿಯಿತು, ಟಿಕೆಟ್ಟಿಗೆ ಎಷ್ಟಾಯಿತು ಎಂಬುದು ಅದರಲ್ಲಿಲ್ಲ. ಶಾಲೆ, ಆಸ್ಪತ್ರೆ, ರೇಷನ್ನಿನ ಓಡಾಟವಂತೂ ಇಲ್ಲವೇ ಇಲ್ಲ.

ನಿಮ್ಮ ತಾಯಿಯವರ ಬೆಳಗು ಎಷ್ಟು ಮುಖ್ಯವೆಂದರೆ, ಆ ಎರಡು ಮನೆಗಳ ಕೆಲಸ ಇರುವುದೇ ಅವು ನಡೆಯುವ ದೂರದಲ್ಲಿರುವುದರಿಂದ. 18 ಕಿಲೋಮೀಟರ್ ಆಚೆಯಿಂದ ಆರೂವರೆಗೆ ಬಂದು ಪಾತ್ರೆ ತೊಳೆಯಲು ಸಾಧ್ಯವಿಲ್ಲ. ಮೊದಲ ಮನೆಯ ಕೆಲಸ ಹೋಗುತ್ತದೆ, ಆಮೇಲೆ ಎರಡನೆಯದು. ‘ಪ್ರಯಾಣ ಇಲ್ಲ’ ಎಂದು ಬರೆದುಕೊಂಡ ಕಾಗದಕ್ಕೆ ಈ ನಷ್ಟ ಕಾಣಿಸುವುದೇ ಇಲ್ಲ. ವಿದ್ಯಾರ್ಥಿಗಳು ಮತ್ತೆ ಬಂದರೆ, ಬೆಳಿಗ್ಗೆ ಎದ್ದಾಗಿನಿಂದ ಹೊಸ್ತಿಲು ದಾಟಿದ ಪ್ರತಿಯೊಂದು ಸಲವನ್ನೂ ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳುವಂತೆ ಹೇಳಿ. ತಾಯಿಯವರ ಪರವಾಗಿ ಮಗನೋ ಗಂಡನೋ ಉತ್ತರಿಸುವುದು ಬೇಡ. ಹಾಗೆ ಉತ್ತರಿಸಿದಾಗ ಹೆಂಗಸರ ಓಡಾಟ ಅರ್ಧಕ್ಕರ್ಧ ಮಾಯವಾಗಿದ್ದನ್ನು ನನ್ನ ವಿದ್ಯಾರ್ಥಿಗಳ ಕಾಗದಗಳಲ್ಲೇ ನೋಡಿ ನಾಚಿಕೊಂಡಿದ್ದೇನೆ.

ಇನ್ನೊಬ್ಬರ ಆಕ್ಷೇಪ: 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆಯಲ್ಲ. ದೂರವಾದರೂ ನಷ್ಟವೇನು?

ಉತ್ತರ: ಟಿಕೆಟ್ಟಿನ ಹಣ ಉಳಿಯುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಆ ಸೌಲಭ್ಯ ಸಾಮಾನ್ಯ ಬಸ್ಸುಗಳಿಗೆ ಸೀಮಿತ. ಮನೆಯ ಗಂಡಸರು ಹಣ ಕೊಡಲೇಬೇಕು, ಮತ್ತು 2025ರ ಜನವರಿಯಲ್ಲಿ ಸಾರಿಗೆ ನಿಗಮಗಳ ದರ ಶೇ. 15ರಷ್ಟು ಏರಿದೆ. ಮುಂದಿನ ತಿಂಗಳೇ ಮೆಟ್ರೋ ದರವೂ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಎಲ್ಲಕ್ಕಿಂತ ದೊಡ್ಡದು ಸಮಯ. ದಿನಕ್ಕೆ ಎರಡು ಗಂಟೆ ಹೆಚ್ಚುವರಿ ಓಡಾಟವೆಂದರೆ, 26 ಕೆಲಸದ ದಿನಗಳಿಗೆ 52 ಗಂಟೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಆರೂವರೆ ದಿನಗಳು. ದಿನಗೂಲಿಯನ್ನು ಆರೂವರೆಯಿಂದ ಗುಣಿಸಿ ನೋಡಿ. ಸಾರಿಗೆ ಅಧ್ಯಯನಗಳಲ್ಲಿ ಬಸ್ಸಿನೊಳಗೆ ಕಳೆದ ನಿಮಿಷಕ್ಕಿಂತ ನಿಲ್ದಾಣದಲ್ಲಿ ಕಾದ ನಿಮಿಷಕ್ಕೆ ಹೆಚ್ಚು ಬೆಲೆ ಕಟ್ಟುವುದು ರೂಢಿ. ಗಂಟೆಗೊಂದು ಬಸ್ಸು ಬರುವ ಕಡೆ ಕಾದು ನಿಂತವರಿಗೆ ಅದರ ಕಾರಣವನ್ನು ನಾನು ವಿವರಿಸಬೇಕಿಲ್ಲ.

ದೂರಕ್ಕೂ ಬದುಕಿಗೂ ಇರುವ ಈ ನಂಟು ಸಂಶೋಧಕರ ಕಲ್ಪನೆಯೂ ಅಲ್ಲ. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುತ್ತಿದ್ದವರನ್ನು ತೆರವುಗೊಳಿಸುವ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ, ಅವರು ಅಲ್ಲಿರುವುದು ಕೆಲಸ ಹತ್ತಿರವಿರುವ ಕಾರಣಕ್ಕೆ ಎಂಬುದನ್ನು ಒಪ್ಪಿ, ಜೀವನೋಪಾಯವನ್ನು ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆದರೂ ಅದೇ ತೀರ್ಪು ತೆರವನ್ನೇ ನಿಷೇಧಿಸಲಿಲ್ಲ ಎಂಬುದನ್ನು ಮರೆಯಬಾರದು. ಕಾನೂನಿನ ಕ್ರಮ ಪಾಲಿಸಿದರೆ ತೆರವು ಮಾಡಬಹುದೆಂದಿತು.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಕೊನೆಯದೊಂದು ಸಂಶಯ. ನಾಲ್ಕು ವರ್ಷದ ಹಿಂದೆಯೂ ಒಂದು ತಂಡ ಹೀಗೆಯೇ ಬರೆದುಕೊಂಡು ಹೋಯಿತು, ಆಮೇಲೆ ಅವರ ಮುಖವನ್ನೇ ಕಾಣಲಿಲ್ಲ. ಈ ಸಲವೂ ಹಾಗಾದರೆ?

ಉತ್ತರ: ಈ ದೂರು ನ್ಯಾಯವಾದದ್ದು. ಈಗಲೇ, ಫಾರಂ ತುಂಬಿಸುವ ಮೊದಲೇ, ಫಲಿತಾಂಶವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ನಿಮ್ಮ ಬೀದಿಯ ಸಭೆಯಲ್ಲಿ ಓದಿ ಹೇಳಬೇಕೆಂದು ಮಾರ್ಗದರ್ಶಕರಿಂದ ಲಿಖಿತವಾಗಿ ಒಪ್ಪಿಗೆ ಪಡೆಯಿರಿ. ಒಂದೊಂದು ಮನೆಯವರು ಕೇಳುವುದಕ್ಕಿಂತ ಇನ್ನೂರು ಮನೆಗಳ ಪರವಾಗಿ ನಿವಾಸಿಗಳ ಸಂಘ ಕೇಳಿದರೆ ತೂಕ ಹೆಚ್ಚು. ಯಾವ ಮನೆಯವರು ಏನು ಹೇಳಿದರೆಂಬ ವಿವರ ವರದಿಯಲ್ಲಿ ಬಾರದಂತೆ, ಬೀದಿಯ ಒಟ್ಟು ಲೆಕ್ಕವಷ್ಟೇ ಬರುವಂತೆ ಆ ಒಪ್ಪಿಗೆ ಪತ್ರದಲ್ಲೇ ಸೇರಿಸಿ.

ಹಳೆಯ ಅಧ್ಯಯನ ನಡೆಸಿದ್ದು ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದರೆ, ಅದೂ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಸ್ಥಳಾಂತರದ ಯೋಜನಾ ವರದಿಗೂ ಹೊಸ ಜಾಗದ ಬಸ್ ಮಾರ್ಗಗಳ ವಿವರಕ್ಕೂ ಸಂಬಂಧಪಟ್ಟ ಕಚೇರಿಗಳಿಗೆ ಪ್ರತ್ಯೇಕ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು. ಉತ್ತರಕ್ಕೆ 30 ದಿನಗಳ ಗಡುವಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು.