ಹಳೇ ಪಿಕಪ್‌ಗೆ ಕ್ರೂಸ್ ಕಂಟ್ರೋಲ್: ಕಾರ್ಬೊರೇಟರ್ ಗಾಡಿಗೆ ಕೂರುತ್ತಾ?

ದೂರದಾರಿ:

ಎಲ್ಲರಿಗೂ ನಮಸ್ಕಾರ. ನನ್ನದು 1994ರ ಟೊಯೋಟಾ ಹೈಲಕ್ಸ್. 22ಆರ್ ಪೆಟ್ರೋಲ್ ಇಂಜಿನ್, ಕಾರ್ಬೊರೇಟರ್, ಐದು ಗೇರ್ ಮ್ಯಾನುಯಲ್. ಸ್ಪೀಡೋಮೀಟರ್ ಕೇಬಲ್‌ನಲ್ಲೇ ತಿರುಗೋದು. ಕ್ರೂಸ್ ಕಂಟ್ರೋಲ್, ಅಂದರೆ ಕಾಲು ತೆಗೆದರೂ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ಸಾಧನ, ಕಂಪನಿಯಿಂದಲೇ ಬಂದಿಲ್ಲ.

ಗಾಡಿ ಗಟ್ಟಿಮುಟ್ಟಾಗಿದೆ, ಮಾರುವ ಮನಸ್ಸಿಲ್ಲ. ತೊಂದರೆ ಇರೋದು ನನ್ನ ಬಲ ಮಂಡಿಯಲ್ಲಿ. ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಒಂದೇ ಸಮ ಒತ್ತಿ ಹಿಡಿದು ಇಳಿದರೆ ನಡೆಯೋಕೆ ಸ್ವಲ್ಪ ಹೊತ್ತು ಬೇಕು. ಪೆಡಲ್ ಸ್ಪ್ರಿಂಗ್ ಬೇರೆ ಬಿಗಿ.

ವಿಚಾರಿಸಿದಾಗ ಮೂರು ದಾರಿ ಸಿಕ್ಕಿತು. ಗುಜರಿಯಿಂದ ಹಳೇ ವ್ಯಾಕ್ಯೂಮ್ ಸರ್ವೊ (ಕಾಲಿನ ಬದಲು ಥ್ರಾಟಲ್ಲನ್ನು, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ಎಳೆಯುವ ಪೆಟ್ಟಿಗೆ) ತಂದು ಹಾಕೋದು. ಹೊಸ ಎಲೆಕ್ಟ್ರಿಕ್ ಸರ್ವೊ ಕಿಟ್ ಹಾಕೋದು. ಇಲ್ಲವಾದರೆ ಡ್ಯಾಶ್‌ಬೋರ್ಡ್‌ಗೆ ಕೈಯಲ್ಲಿ ಎಳೆಯುವ ಥ್ರಾಟಲ್ ಕೇಬಲ್. ಯಾವುದು ವಾಸಿ? ಕ್ರೂಸ್ ಕಂಟ್ರೋಲ್ ಗಾಡಿಯ ವೇಗ ತಿಳಿದುಕೊಳ್ಳೋದು ಎಲ್ಲಿಂದ? ಹಿಂದಿನ ದೀಪಗಳಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದೇನೆ, ಅದಕ್ಕೂ ಇದಕ್ಕೂ ಏನೋ ಜಗಳ ಅಂತಾರೆ, ನಿಜಾನಾ? ರಿಲೇ ಹಾಕಿ ಫಾಗ್ ಲ್ಯಾಂಪ್ ವೈರಿಂಗ್ ನಾನೇ ಮಾಡಿದ್ದೇನೆ. ಆಲ್ಟರ್ನೇಟರ್ ಬಿಚ್ಚಿ ಹಾಕಿದ್ದೇನೆ. ಅಷ್ಟು ಕೈಕೆಲಸ ಸಾಕಾಗುತ್ತಾ?

ಹಳೇಹುಲಿ:

ಸುಮ್ನೆ ಯಾಕೆ ಅಷ್ಟೆಲ್ಲ ವೈರು? ಕೈ ಥ್ರಾಟಲ್ ಹಾಕಿ, ಮುಗೀತು. ಹಳೇ ಲ್ಯಾಂಡ್ ಕ್ರೂಸರ್‌ಗಳಲ್ಲಿ ಕಂಪನಿಯವರೇ ಕೊಡ್ತಿದ್ದರು. ನಾಬ್ ಎಳೆದು ತಿರುಗಿಸಿದರೆ ಅಲ್ಲೇ ನಿಲ್ಲುತ್ತೆ. ಕೆಡೋಕೆ ಅದರಲ್ಲಿ ಏನೂ ಇಲ್ಲ.

ಫ್ಯೂಸ್‌ಬಾಕ್ಸ್:

ಹಳೇಹುಲಿ ಅಣ್ಣಾ, ಬೇಜಾರು ಮಾಡ್ಕೋಬೇಡಿ, ಅದು ಬೇಡ. ಕಂಪನಿಯವರು ಆ ನಾಬ್ ಕೊಟ್ಟಿದ್ದು ನಿಂತ ಗಾಡಿಗೆ. ತಣ್ಣಗಿರುವ ಇಂಜಿನ್ ಬಿಸಿ ಮಾಡೋಕೆ, ವಿಂಚ್ ಓಡಿಸೋಕೆ. ಅದು ಹಿಡಿದಿಡೋದು ಥ್ರಾಟಲ್ಲನ್ನು, ವೇಗವನ್ನಲ್ಲ. ಏರು ಬಂದರೆ ಗಾಡಿ ನಿಧಾನವಾಗುತ್ತೆ, ಇಳಿಜಾರು ಬಂದರೆ ಓಡುತ್ತೆ. ಮುಂದೆ ಏನೋ ಅಡ್ಡ ಬಂತು, ಬ್ರೇಕ್ ತುಳಿದಿರಿ ಅಂದುಕೊಳ್ಳಿ. ಥ್ರಾಟಲ್ ತೆರೆದೇ ಇರುತ್ತೆ. ಇಂಜಿನ್ ಒಂದು ಕಡೆ ಎಳೆಯುತ್ತೆ, ನೀವು ಇನ್ನೊಂದು ಕಡೆ ನಿಲ್ಲಿಸ್ತಿರ್ತೀರಿ.

ದೂರದಾರಿ ಅವರೇ, ಆಟೋ ಎಲೆಕ್ಟ್ರಿಕಲ್ ನನ್ನ ಕಸುಬು. ಈ ಕೆಲಸಕ್ಕೆ ಬರುವವರೆಲ್ಲ ಮೊದಲು ಕೇಳೋದು ಥ್ರಾಟಲ್ ಎಳೆಯೋದು ಹೇಗೆ ಅಂತ. ಎಳೆಯೋದು ಸುಲಭ, ಸಣ್ಣ ಮೋಟರ್ ಸಾಕು. ನನ್ನ ಸಮಯವೆಲ್ಲ ಹೋಗೋದು ಅದನ್ನು ಬಿಡಿಸುವ ಕಡೆಗೆ. ಬ್ರೇಕ್ ಮುಟ್ಟಿದರೆ ಬಿಡಬೇಕು, ಕ್ಲಚ್ ಮುಟ್ಟಿದರೆ ಬಿಡಬೇಕು, ಫ್ಯೂಸ್ ಹೋದರೆ ಬಿಡಬೇಕು, ಎಲ್ಲೋ ಒಂದು ವೈರ್ ಕಿತ್ತುಬಂದರೂ ಬಿಡಬೇಕು.

ವ್ಯಾಕ್ಯೂಮ್ ಸರ್ವೊ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಬಲ ಬರೋದು ಇಂಜಿನ್ನಿನ ಹೀರುವಿಕೆಯಿಂದ. ಐಡ್ಲಿಂಗ್‌ನಲ್ಲಿ ಗೇಜ್ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತೆ. ಥ್ರಾಟಲ್ ಪೂರ್ತಿ ತೆರೆದು ಏರು ಹತ್ತುವಾಗ ಸೊನ್ನೆ ಹತ್ತಿರ ಬೀಳುತ್ತೆ. ಬಲ ಬೇಕಾದಾಗಲೇ ಇಲ್ಲ, ನೋಡಿ! ಅದಕ್ಕೇ ಆಗಿನವರು ಒಂದು ವ್ಯಾಕ್ಯೂಮ್ ಡಬ್ಬಿ, ಚೆಕ್ ವಾಲ್ವ್ ಸೇರಿಸುತ್ತಿದ್ದರು. ಮೂವತ್ತು ವರ್ಷದ ರಬ್ಬರ್ ಡಯಾಫ್ರಂ, ಬಿರುಕು ಬಿಟ್ಟ ಪೈಪ್ ನಂಬಿಕೊಂಡು ಈಗ ಆ ದಾರಿ ಹಿಡಿಯಬೇಡಿ. ಡೀಸೆಲ್ ಗಾಡಿಯವರಂತೂ ಪಂಪ್ ಇಲ್ಲದೆ ಅದರ ಕಡೆ ನೋಡೋದೇ ಬೇಡ. ನಿಮಗೆ ಎಲೆಕ್ಟ್ರಿಕ್ ಸರ್ವೊನೇ ಸರಿ. ಒಳಗೆ ಒಂದು ಮೋಟರ್, ಒಂದು ಮ್ಯಾಗ್ನೆಟಿಕ್ ಕ್ಲಚ್. ಆ ಕ್ಲಚ್‌ಗೆ ಕರೆಂಟ್ ನಿಂತ ಕೂಡಲೇ ಕೇಬಲ್ ಸಡಿಲವಾಗಿ ಥ್ರಾಟಲ್ ತನ್ನ ಸ್ಪ್ರಿಂಗ್‌ನಿಂದಲೇ ಮುಚ್ಚಿಕೊಳ್ಳುತ್ತೆ.

ವೇಗದ ವಿಷಯ. ಮೊದಲು ಮೀಟರ್ ಬಿಚ್ಚಿ ಸ್ಪೀಡೋಮೀಟರ್ ಹಿಂದೆ ನೋಡಿ. ಆ ಕಾಲದ ಎಷ್ಟೋ ಟೊಯೋಟಾಗಳಲ್ಲಿ ಅಲ್ಲಿ ಒಂದು ರೀಡ್ ಸ್ವಿಚ್ ಇರುತ್ತೆ. ಪೆನ್ಸಿಲ್ ಮೊನೆ ಗಾತ್ರದ ಗಾಜಿನ ಕೊಳವೆ, ಒಳಗೆ ಎರಡು ತೆಳು ತಗಡು. ಕೇಬಲ್ ಜೊತೆ ಮ್ಯಾಗ್ನೆಟ್ ತಿರುಗಿದ ಹಾಗೆ ತಗಡು ಕೂಡುತ್ತೆ, ಬಿಡುತ್ತೆ. ಒಂದು ಸುತ್ತಿಗೆ 4 ಪಲ್ಸ್ (ಕರೆಂಟಿನ ಮಿಡಿತ). ಜಪಾನಿನ ಸ್ಪೀಡೋ ಕೇಬಲ್ ಕಿಲೋಮೀಟರಿಗೆ 637 ಸುತ್ತು ತಿರುಗುತ್ತೆ. ಅಂದರೆ 2548 ಪಲ್ಸ್. ಕಿಟ್ಟಿನ ಪುಸ್ತಕದಲ್ಲಿ ಸಾಮಾನ್ಯವಾಗಿ ಮೈಲಿ ಲೆಕ್ಕ ಇರುತ್ತೆ, 1.609ರಿಂದ ಗುಣಿಸಿದರೆ ಸುಮಾರು 4100. ಮಾಡ್ಯೂಲ್‌ನ (ಪಲ್ಸ್ ಎಣಿಸಿ ಸರ್ವೊ ನಡೆಸುವ ಕಿಟ್ಟಿನ ಎಲೆಕ್ಟ್ರಾನಿಕ್ ಪೆಟ್ಟಿಗೆ) ಪುಟ್ಟ ಸ್ವಿಚ್‌ಗಳನ್ನು 4000ಕ್ಕೆ ಇಡಿ, ಸಾಕು. ಇಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೆ ನಷ್ಟವಿಲ್ಲ. ಮಾಡ್ಯೂಲ್‌ಗೆ ನಿಮ್ಮ ಗಾಡಿ 80ರಲ್ಲಿದೆಯೋ 84ರಲ್ಲಿದೆಯೋ ಬೇಕಿಲ್ಲ, ನೀವು ಸೆಟ್ ಒತ್ತಿದಾಗ ಬರುತ್ತಿದ್ದ ಪಲ್ಸ್ ಹಾಗೇ ಬರುತ್ತಿದ್ದರೆ ಆಯ್ತು.

ರೀಡ್ ಸ್ವಿಚ್ ಇಲ್ಲವಾ? ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ಮ್ಯಾಗ್ನೆಟ್ ಕಟ್ಟಿ, ಅದು ಹಾದಾಗ ಪಲ್ಸ್ ಕೊಡುವ ಪಿಕಪ್ ಕಾಯಿಲನ್ನು ಪಕ್ಕದಲ್ಲಿ ಕೂರಿಸಬೇಕು. ಲೆಕ್ಕ ಕಷ್ಟವಿಲ್ಲ. ಟೈರಿನ ಸುತ್ತಳತೆ 2.2 ಮೀಟರ್ ಇದ್ದು, ಹಿಂದಿನ ಡಿಫರೆನ್ಷಿಯಲ್ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು) ಇದ್ದರೆ, ಕಿಲೋಮೀಟರಿಗೆ ಶಾಫ್ಟ್ ಸುಮಾರು 1695 ಸುತ್ತು ತಿರುಗುತ್ತೆ. ಎರಡು ಮ್ಯಾಗ್ನೆಟ್ ಹಾಕಿದರೆ 3390 ಪಲ್ಸ್. ಮ್ಯಾಗ್ನೆಟ್‌ಗಳನ್ನು ಎದುರುಬದುರು ಕೂರಿಸಿ, ಇಲ್ಲದಿದ್ದರೆ ಶಾಫ್ಟ್ ತೂಕ ತಪ್ಪುತ್ತೆ.

ಇನ್ನು ನಿಮ್ಮ ಎಲ್‌ಇಡಿ. ಜಗಳ ನಿಜ. ಕಿಟ್ಟಿನ ಒಂದು ವೈರ್ ಬ್ರೇಕ್ ಸ್ವಿಚ್‌ನಿಂದ ದೀಪಕ್ಕೆ ಹೋಗುವ ಕಡೆಗೆ ಸೇರುತ್ತೆ. ಬ್ರೇಕ್ ಒತ್ತದೆ ಇದ್ದಾಗ ಆ ವೈರ್‌ಗೆ ಬಲ್ಬಿನ ತಂತಿಯ ಮೂಲಕ ಅರ್ತ್ ಸಿಗುತ್ತೆ. ಅರ್ತ್ ಇದೆ ಅಂದರೆ ಎಲ್ಲ ಸರಿ ಇದೆ ಅಂತ ಮಾಡ್ಯೂಲ್ ನಂಬುತ್ತೆ. ಬ್ರೇಕ್ ಒತ್ತಿದಾಗ ಅಲ್ಲಿ 12 ವೋಲ್ಟ್ ಬಂತು, ಬಿಟ್ಟುಬಿಡುತ್ತೆ. ಎಲ್‌ಇಡಿಯಲ್ಲಿ ಆ ಅರ್ತ್ ಸಿಗೋದಿಲ್ಲ, ಹಾಗಾಗಿ ಕ್ರೂಸ್ ಹಿಡಿಯೋದೇ ಇಲ್ಲ. ತುಂಬಾ ಜನ ಇದಕ್ಕೆ ಐದು ಪಿನ್ ರಿಲೇ ಹಾಕ್ತಾರೆ. ಕೆಲಸ ಮಾಡುತ್ತೆ. ನನಗೆ ಮಾತ್ರ ಇಷ್ಟವಿಲ್ಲ. ಆ ರಿಲೇ ಕಾಯಿಲ್ ಸುಟ್ಟುಹೋದರೆ ಅರ್ತ್ ಹಾಗೇ ಉಳಿಯುತ್ತೆ, ನೀವು ಬ್ರೇಕ್ ತುಳಿದಿದ್ದು ಮಾಡ್ಯೂಲ್‌ಗೆ ಗೊತ್ತೇ ಆಗಲ್ಲ. ಅದರ ಬದಲು ಒಂದು ಕಡೆ ಹಳೇ 21 ವ್ಯಾಟ್ ಬಲ್ಬ್ ವಾಪಸ್ ಹಾಕಿ. ಎರಡೂ ಕಡೆ ಬೆಳಕು ಬೇರೆಬೇರೆ ಕಾಣುತ್ತೆ ಅನ್ನೋದಾದರೆ ಎರಡಕ್ಕೂ ಹಾಕಿಬಿಡಿ. ಹಾಕಿದ ಬಲ್ಬೆಲ್ಲ ಸುಟ್ಟರೆ ಅರ್ತ್ ಹೋಗುತ್ತೆ, ಕ್ರೂಸ್ ಬಂದ್ ಆಗುತ್ತೆ. ಕೆಟ್ಟರೆ ಈ ಥರ ಕೆಡಬೇಕು.

ಇದರ ಜೊತೆಗೆ ಇನ್ನೊಂದು ಮಾಡಿ. ಕ್ರೂಸ್ ಇದ್ದ ಟೊಯೋಟಾಗಳಿಗೆ ನಾಲ್ಕು ಪಿನ್ನಿನ ಬ್ರೇಕ್ ಸ್ವಿಚ್ ಬರುತ್ತಿತ್ತು. ಒಂದು ಜೋಡಿ ದೀಪಕ್ಕೆ, ಇನ್ನೊಂದು ಜೋಡಿ ಪೆಡಲ್ ಒತ್ತಿದಾಗ ಬಿಟ್ಟುಕೊಳ್ಳುವಂಥದ್ದು. ಆ ಎರಡನೇ ಜೋಡಿಯ ಮೂಲಕವೇ ಸರ್ವೊ ಕ್ಲಚ್‌ನ ಕರೆಂಟ್ ಹೋಗಲಿ. ಆಗ ಮಾಡ್ಯೂಲ್‌ಗೇ ತಲೆ ಕೆಟ್ಟರೂ ನಿಮ್ಮ ಕಾಲು ಕರೆಂಟ್ ಕಡಿಯುತ್ತೆ.

ಗುಜರಿಪ್ರಿಯ:

ಫ್ಯೂಸ್‌ಬಾಕ್ಸ್ ಹೇಳಿದ ನಾಲ್ಕು ಪಿನ್ ಸ್ವಿಚ್ ಗುಜರಿಯಲ್ಲಿ ಹುಡುಕಬಹುದು. ಹಾಗೇ ಸ್ಟೀರಿಂಗ್ ಪಕ್ಕದ ಕ್ರೂಸ್ ಕಡ್ಡಿ, ಬ್ರಾಕೆಟ್ ಇಂಥದ್ದೆಲ್ಲ. ಆದರೆ ಕಂಡಿದ್ದೆಲ್ಲ ತರಬೇಡಿ. ಫೋರ್ಡ್ ಗಾಡಿಗಳಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರ್‌ಗೆ ಒಂದು ಒತ್ತಡದ ಸ್ವಿಚ್ ಇರುತ್ತಿತ್ತು, ಕ್ರೂಸ್ ಬಂದ್ ಮಾಡೋಕೆ. ಅದಕ್ಕೆ ಇಗ್ನಿಷನ್ ಆಫ್ ಇದ್ದಾಗಲೂ ಕರೆಂಟ್ ಬರ್ತಾನೇ ಇರ್ತಿತ್ತು. ಒಳಗಿನ ತೆಳು ಪದರ ಬಿರಿದು ಬ್ರೇಕ್ ಆಯಿಲ್ ಕರೆಂಟ್ ಇರುವ ಕಡೆಗೆ ಸೋರಿತು. ನಿಲ್ಲಿಸಿಟ್ಟ ಗಾಡಿಗಳಿಗೇ ಬೆಂಕಿ ಹತ್ತಿತು. 1999ರಿಂದ 2009ರವರೆಗೆ ಕಂತು ಕಂತಾಗಿ 1.4 ಕೋಟಿಗೂ ಜಾಸ್ತಿ ಗಾಡಿಗಳನ್ನು ಈ ಒಂದು ಸ್ವಿಚ್ಚಿಗಾಗಿ ವಾಪಸ್ ಕರೆದರು. ಗುಜರಿಯಲ್ಲಿ ಆ ಜಾತಿಯದು ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ನೀವು ಏನೇ ಹಾಕಿದರೂ ಕರೆಂಟ್ ಇಗ್ನಿಷನ್ ಆನ್ ಆದ ಮೇಲೆ ಬರುವ ಕಡೆಯಿಂದ, ಫ್ಯೂಸ್ ಸಮೇತ ತಗೊಳ್ಳಿ.

ಅಂದ ಹಾಗೆ, ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್‌ಗೆ ಚಿಕ್ಕಂದಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲರು ಮಾತಾಡ್ತಾ ಓಡಿಸಿದರೆ ಕಾರು ಜಗ್ಗಿ ಜಗ್ಗಿ ಹೋಗ್ತಿತ್ತಂತೆ, ಅದರಿಂದ ಬೇಸತ್ತು ಮಾಡಿದರು ಅಂತ ಕತೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕ್ರೈಸ್ಲರ್ ಕಾರುಗಳಿಗೆ ಬಂದಿದ್ದು 1958ರಲ್ಲಿ. ಆಗ ಚಿಪ್ಪೂ ಇಲ್ಲ, ಮಾಡ್ಯೂಲೂ ಇಲ್ಲ. ಕಾರ್ಬೊರೇಟರ್ ಗಾಡಿಗೆ ಕೂರುತ್ತಾ ಅಂತ ಕೇಳಿದ್ದೀರಲ್ಲ, ಹುಟ್ಟಿದ್ದೇ ಕಾರ್ಬೊರೇಟರ್ ಗಾಡಿಯಲ್ಲಿ!

ದೂರದಾರಿ:

ಮೀಟರ್ ಬಿಚ್ಚಿ ನೋಡಿದೆ, ಗಾಜಿನ ಕೊಳವೆ ಇದೆ! ಎಲೆಕ್ಟ್ರಿಕ್ ಕಿಟ್ ತರಿಸಿದ್ದೇನೆ. ಹಳೇ ಬಲ್ಬ್ ಎರಡೂ ಕಡೆ ವಾಪಸ್ ಹೋಯ್ತು, ನಾಲ್ಕು ಪಿನ್ ಸ್ವಿಚ್ಚೂ ಸಿಕ್ಕಿತು. ಈಗ ಎರಡು ಅನುಮಾನ. ಕ್ಲಚ್ ಪೆಡಲ್ ಹತ್ತಿರ ಆಗಲೇ ಒಂದು ಸ್ವಿಚ್ ಇದೆ, ಅದನ್ನೇ ಬಳಸಬಹುದಾ? ಕಾರ್ಬೊರೇಟರ್ ಹತ್ತಿರ ಕೇಬಲ್ ಎಷ್ಟು ಬಿಗಿ ಇರಬೇಕು?

ಫ್ಯೂಸ್‌ಬಾಕ್ಸ್:

ಆ ಸ್ವಿಚ್ ಸ್ಟಾರ್ಟರ್‌ನದಾಗಿದ್ದರೆ ಆಗಲ್ಲ. ಅದು ಕ್ಲಚ್ ಪೂರ್ತಿ ತಳಕ್ಕೆ ಹೋದಾಗ ಕೂಡುವಂಥದ್ದು. ನಿಮಗೆ ಬೇಕಿರೋದು ಪೆಡಲ್ ಅಲುಗಾಡಿದ ಕೂಡಲೇ ಬಿಟ್ಟುಕೊಳ್ಳುವಂಥದ್ದು. ಇಲ್ಲದಿದ್ದರೆ ಏನಾಗುತ್ತೆ ಗೊತ್ತಲ್ಲ, ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಮೇಲಿನ ಭಾರ ಹೋಗುತ್ತೆ. ಥ್ರಾಟಲ್ ಮಾತ್ರ ತೆರೆದೇ ಇರುತ್ತೆ, ಇಂಜಿನ್ ಕಿರುಚಿಕೊಳ್ಳುತ್ತೆ. ಕೆಲವು ಕಿಟ್‌ಗಳು ಇಗ್ನಿಷನ್ ಕಾಯಿಲ್‌ನಿಂದ ಆರ್‌ಪಿಎಂ ನೋಡಿಕೊಂಡು ತಾವೇ ಬಿಡುತ್ತವೆ. ಆ ವೈರೂ ಹಾಕಿ. ಆದರೆ ಸ್ವಿಚ್ ಬೇರೆ ಇರಲೇಬೇಕು. ಬ್ರೇಕಿನ ಆ ಎರಡನೇ ಜೋಡಿಯ ಜೊತೆ ಸೀರೀಸ್‌ನಲ್ಲಿ ಕೂರಿಸಿ. ಎರಡರಲ್ಲಿ ಯಾವುದು ಬಿಟ್ಟುಕೊಂಡರೂ ಸರ್ವೊಗೆ ಕರೆಂಟ್ ಇಲ್ಲ.

ಕೇಬಲ್ ಬಿಗಿ ಬೇಡ. ಅದರ ತುದಿಯನ್ನು ಥ್ರಾಟಲ್‌ಗೆ ಸೇರಿಸುವ ಮಣಿಸರದಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಬಿಡಿ, ಅಷ್ಟೇ. ಬಿಗಿಯಾದರೆ ಥ್ರಾಟಲ್ ಪೂರ್ತಿ ಮುಚ್ಚೋದಿಲ್ಲ, ಐಡ್ಲಿಂಗ್ ಏರುತ್ತೆ. ತುಂಬಾ ಸಡಿಲ ಬಿಟ್ಟರೆ ಸರ್ವೊ ಸುಮ್ನೆ ಹುಡುಕಾಡುತ್ತೆ. 22ಆರ್‌ನಲ್ಲಿ ಎಕ್ಸಾಸ್ಟ್ ಇರೋದು ಕಾರ್ಬೊರೇಟರ್‌ನ ಎದುರು ಪಕ್ಕ. ಹಾಗಾಗಿ ಸರ್ವೊ ಪೆಟ್ಟಿಗೆಯನ್ನು ಕಾರ್ಬೊರೇಟರ್ ಕಡೆಯೇ ಇಡಿ, ಕೇಬಲ್ ಬಿಸಿಗೆ ಸಿಗೋದಿಲ್ಲ. ದೊಡ್ಡ ತಿರುವು ಕೊಡಿ, ಮಡಚಬೇಡಿ.

ಕೂರಿಸಿದ ಮೇಲೆ ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಮುಚ್ಚಳ ತೆಗೆದು, ಸರ್ವೊ ಕೇಬಲ್ಲನ್ನು ಕೈಯಲ್ಲಿ ಎಳೆದು ಬಿಡಿ. ಥ್ರಾಟಲ್ ಟಪ್ ಅಂತ ಮುಚ್ಚಬೇಕು. ನಿಧಾನವಾಗಿ ಮುಚ್ಚಿತು ಅಂದರೆ ಮೊದಲು ಥ್ರಾಟಲ್ ಶಾಫ್ಟ್ ತೊಳೆದು ಎರಡನೇ ರಿಟರ್ನ್ ಸ್ಪ್ರಿಂಗ್ ಹಾಕಿ, ಆಮೇಲೆ ಮುಂದಿನ ಮಾತು. ಸ್ಟೀರಿಂಗ್ ಪೂರ್ತಿ ಎಡಕ್ಕೆ ಬಲಕ್ಕೆ ತಿರುಗಿಸಿ, ಎಲ್ಲೂ ಕೇಬಲ್ ಸಿಕ್ಕಿಹಾಕಿಕೊಳ್ಳುತ್ತಿಲ್ಲ ಅಂತ ನೋಡಿ.

ರಸ್ತೆಗೆ ಹೋದಾಗ ಖಾಲಿ ಜಾಗ ನೋಡಿಕೊಳ್ಳಿ. 40 ಅಥವಾ 50ರ ಕೆಳಗೆ ಇವು ಹಿಡಿಯೋದಿಲ್ಲ, 60ರಲ್ಲಿ ಸೆಟ್ ಮಾಡಿ. ಮೊದಲು ಆಫ್ ಬಟನ್, ಆಮೇಲೆ ಕ್ಲಚ್, ಆಮೇಲೆ ಬ್ರೇಕನ್ನು ಬೆರಳಲ್ಲಿ ಮುಟ್ಟಿದಷ್ಟೇ ಮೆಲ್ಲಗೆ. ಮೂರರಲ್ಲಿ ಒಂದು ಬಿಡಿಸದಿದ್ದರೂ ಫ್ಯೂಸ್ ಕಿತ್ತು ಮನೆಗೆ ಬನ್ನಿ.

ದೂರದಾರಿ:

ಮೂರೂ ಬಿಡಿಸಿದವು. ಬ್ರೇಕ್ ಮುಟ್ಟಿದರೆ ಸಾಕು, ಬಿಟ್ಟುಕೊಳ್ಳುತ್ತೆ. ಆದರೆ 80ರಲ್ಲಿ ಹಿಡಿದಾಗ ವೇಗ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಕೂತವರ ತಲೆ ಅಲ್ಲಾಡುವಷ್ಟು. ಏರಿನಲ್ಲಂತೂ ಐದನೇ ಗೇರಲ್ಲಿ ಸೋತು ತಾನೇ ಬಂದ್ ಆಗಿಬಿಡುತ್ತೆ.

ಹಳೇಹುಲಿ:

ಕೈ ಥ್ರಾಟಲ್ ಆಗಿದ್ದರೆ ತಲೆ ಅಲ್ಲಾಡ್ತಿರಲಿಲ್ಲ ನೋಡಿ :)

ಫ್ಯೂಸ್‌ಬಾಕ್ಸ್:

ಅಣ್ಣಾ, ನೀವೊಬ್ಬರು!

ದೂರದಾರಿ ಅವರೇ, ಏರಿ ಇಳಿಯೋಕೆ ಎರಡು ಕಾರಣ ಇರಬಹುದು. ಮೊದಲು ಮಣಿಸರ ನೋಡಿ. ಎಳೆದು ಎಳೆದು ಒಂದು ಮಣಿ ಜಾರಿದ್ದರೆ ಸಡಿಲ ಜಾಸ್ತಿಯಾಗಿರುತ್ತೆ. ಅದು ಸರಿ ಇದ್ದರೆ ಮಾಡ್ಯೂಲ್‌ನ ಸೆನ್ಸಿಟಿವಿಟಿ ಸ್ವಿಚ್ ಒಂದು ಹಂತ ಕೆಳಗಿಳಿಸಿ. ಕಿಟ್ಟಿನವರು ಎಲ್ಲ ಇಂಜಿನ್‌ಗೂ ಒಂದೇ ಪೆಟ್ಟಿಗೆ ಮಾರ್ತಾರೆ. ನಿಮ್ಮದು ಎರಡು ಬಾಯಿಯ ಕಾರ್ಬೊರೇಟರ್. ಎರಡನೇ ಬಾಯಿ ತೆರೆದ ತಕ್ಷಣ ಗಾಡಿ ಮುಂದಕ್ಕೆ ಜಿಗಿಯುತ್ತೆ, ಸರ್ವೊ ಗಾಬರಿಯಾಗಿ ಬಿಡುತ್ತೆ, ಮತ್ತೆ ಎಳೆಯುತ್ತೆ. ಮೆದುವಾಗಿ ಎಳೆಯುವ ಹಾಗೆ ಇಟ್ಟರೆ ಅದು ನಿಲ್ಲುತ್ತೆ.

ಏರಿನಲ್ಲಿ ಸೋಲೋದು ಕ್ರೂಸಿನ ದೋಷ ಅಲ್ಲ. ಥ್ರಾಟಲ್ ಪೂರ್ತಿ ತೆರೆದ ಮೇಲೆ ಅದರ ಕೈಲಿ ಇನ್ನೇನಿದೆ? ವೇಗ ತೀರಾ ಬಿದ್ದಾಗ ಬಿಟ್ಟುಕೊಳ್ಳೋದು ಕಿಟ್ಟಿನಲ್ಲೇ ಇರುವ ಕಾವಲು. ಗೇರ್ ಇಳಿಸೋದು ನಿಮ್ಮ ಕೆಲಸ. ಏರು ಶುರುವಾಗುವ ಮೊದಲೇ ನಾಲ್ಕಕ್ಕೆ ಬನ್ನಿ. ಕ್ಲಚ್ ಒತ್ತಿದಾಗ ಕ್ರೂಸ್ ಬಿಡುತ್ತೆ, ಗೇರ್ ಬಿದ್ದ ಮೇಲೆ ರೆಸ್ಯೂಮ್ ಒತ್ತಿ. ಮಳೆಯಲ್ಲಿ, ಅದರಲ್ಲೂ ಹಿಂದೆ ಲೋಡ್ ಇಲ್ಲದಾಗ, ಆನ್ ಮಾಡಲೇಬೇಡಿ. ಪಿಕಪ್‌ನ ಹಿಂಭಾಗ ಹಗುರ, ಚಕ್ರ ಜಾರುವಾಗಲೂ ಸರ್ವೊ ಎಳೀತಾನೇ ಇರುತ್ತೆ.

ದೂರದಾರಿ:

ಒಂದು ಮಣಿ ಜಾರಿತ್ತು! ಅದನ್ನು ಕೂರಿಸಿ, ಸೆನ್ಸಿಟಿವಿಟಿಯನ್ನೂ ಒಂದು ಹಂತ ಇಳಿಸಿದೆ. ಈಗ 80ರಲ್ಲಿ ಮುಳ್ಳು ಅಲುಗಾಡಲ್ಲ. ಸೆಟ್, ಆಫ್ ಬಟನ್‌ಗಳು ಸದ್ಯ ಡ್ಯಾಶ್‌ಬೋರ್ಡ್ ಕೆಳಗೆ ಟೇಪಿನಲ್ಲಿ ಅಂಟಿಕೊಂಡಿವೆ. ಅಲ್ಲೇ ಸ್ಕ್ರೂ ಹಾಕಿಬಿಡಲಾ?

ಫ್ಯೂಸ್‌ಬಾಕ್ಸ್:

ಬೇಡ. ಆಫ್ ಹುಡುಕೋಕೆ ಕಣ್ಣು ರಸ್ತೆಯಿಂದ ತೆಗೆಯೋ ಹಾಗಿರಬಾರದು. ಗುಜರಿಯಿಂದ ಸ್ಟೀರಿಂಗ್ ಪಕ್ಕದ ಕಡ್ಡಿ ತನ್ನಿ. ಅದರ ಪಿನ್ ಫೋಟೋ ಹಾಕಿ, ಯಾವ ವೈರ್ ಎಲ್ಲಿಗೆ ಅಂತ ಹೇಳ್ತೀನಿ.