ಹೇರ್‌ಪಿನ್ ಬೆಂಡ್‌ಗೆ ಕನ್ನಡದಲ್ಲಿ ಏನಂತೀರಿ? ಇವತ್ತು ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ,

ಒಂದು ಪದ ಅರ್ಜೆಂಟಾಗಿ ಬೇಕು, ಸರಿಯಾಗಿ ಹೇಳ್ಬೇಕಂದ್ರೆ ಮೂರು. ಜರ್ಮನಿಯಲ್ಲಿರೋ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಸೈಕಲ್ ಪ್ರವಾಸದ ಬಗ್ಗೆ ಬರೆದಿದೀನಿ, ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗತ್ತೆ. ಜಾಗ ಮಯೋರ್ಕಾ, ಸ್ಪೇನಿಗೆ ಸೇರಿದ ಮೆಡಿಟರೇನಿಯನ್ ದ್ವೀಪ. ಅಲ್ಲಿ ಸಾ ಕಲೋಬ್ರಾ ಅಂತ ಸಮುದ್ರದ ದಡದಲ್ಲಿ ಒಂದು ಪುಟ್ಟ ಊರು, ಅದಕ್ಕೆ ಇರೋದು ಒಂದೇ ರಸ್ತೆ, ಇಳಿದವರು ಅದೇ ದಾರೀಲಿ ಹತ್ತಿ ಬರಬೇಕು ಇಲ್ಲಾ ದೋಣಿ ಹಿಡೀಬೇಕು. ಅಂದ್ರೆ ಬೇರೆ ಘಟ್ಟಗಳ ಹಾಗಲ್ಲ, ಇಲ್ಲಿ ಮೊದಲು ಇಳಿಯೋದು, ಕಾಲು ನಡುಗೋ ಕೆಲಸ ಆಮೇಲೆ. ಕೆಳಗಿಂದ 682 ಮೀಟರ್ ಎತ್ತರದ ಕೋಲ್ ಡೆಲ್ಸ್ ರೇಯ್ಸ್ ಅನ್ನೋ ಕಣಿವೆ ದಾರಿವರೆಗೆ ಸುಮಾರು 9.5 ಕಿಮೀ, ಇಳಿಜಾರು ಸರಾಸರಿ 7 ಪರ್ಸೆಂಟು, 26 ಹೇರ್‌ಪಿನ್ನು.

ಈ 26 ಅನ್ನೋದ್ರಲ್ಲೇ ಸಿಕ್ಕಾಕೊಂಡಿದೀನಿ. ಬರೀ "ತಿರುವು" ಅಂದ್ರೆ ಸಾಲ್ದು, ಸಾದಾ ತಿರುವು ಅಲ್ಲಿ ಲೆಕ್ಕ ಇಲ್ಲದಷ್ಟಿವೆ, ಈ 26 ಬಂದ ಕಡೆಗೇ ಮುಖ ತಿರುಗಿಸೋ ತಿರುವುಗಳ ಲೆಕ್ಕ. ಎರಡನೇದು, ಹೀಗೆ ಹತ್ತೋ ರಸ್ತೆಗೆ ಒಂದು ನಾಮಪದ ಬೇಕು. ಮೂರನೇದು, ಮೇಲ್ಗಡೆ ಒಂದು ಜಾಗದಲ್ಲಿ ರಸ್ತೆ 270 ಡಿಗ್ರಿ ಸುತ್ತಿ ತನ್ನ ಕೆಳಗೆ ತಾನೇ ನುಗ್ಗಿ ಹೋಗತ್ತೆ. ಇಂಜಿನಿಯರು ಅಂತೋನಿಯೋ ಪರಿಯೆತ್ತಿ, 1932ರ ರಸ್ತೆ, ಸುರಂಗ ಕೊರೆಯದೆ, ಇಳಿಜಾರು ತೀರಾ ಕಡಿದಾಗದ ಹಾಗೆ ಮಾಡೋಕೆ ಹೀಗೆ ಸುತ್ತಿಸಿದಾರೆ. ಅಲ್ಲಿಯವರು ಅದನ್ನ ನುಸ್ ದ ಸಾ ಕೊರ್ಬಾತಾ ಅಂತಾರೆ, ಟೈ ಗಂಟು ಅಂತ ಅರ್ಥ. ಸೇತುವೆ ಪಕ್ಕದ ಮೋಟು ಗೋಡೆ ಮೇಲೆ ಕೈಯಿಟ್ಟು ನಿಂತಾಗ ಒಂದು ಟೂರಿಸ್ಟ್ ಬಸ್ಸು ನನ್ನ ಬೆನ್ನ ಹಿಂದೆ ಹೋಯ್ತು, ಸ್ವಲ್ಪ ಹೊತ್ತಿಗೆ ಅದೇ ಬಸ್ಸಿನ ನೆತ್ತಿ ನನ್ನ ಕಾಲ ಕೆಳಗಿಂದ ಆಚೆ ಬಂತು. ಅದನ್ನ ಕನ್ನಡದಲ್ಲಿ ಒಂದೇ ಮಾತಲ್ಲಿ ಹೇಳಬೇಕು.

——
ಮೈಸೂರಿನಿಂದ, ಸಂಜೆ 5:40

ಹೇರ್‌ಪಿನ್ ಬೇಡವೇ ಬೇಡ. ರಸ್ತೆ ಮಡಚಿಕೊಂಡಿದೆ, ಆದ್ದರಿಂದ "ಮಡಿತಿರುವು". ಇಲ್ಲವೇ "ಹಾವುತಿರುವು", ಏಕೆಂದರೆ ಕಲೋಬ್ರಾ ಎಂದರೇನೇ ಹಾವು. ಹತ್ತುವ ದಾರಿಗೆ "ಏರು" ಇದ್ದೇ ಇದೆ, ಹುಡುಕುವ ಅಗತ್ಯವೇ ಇರಲಿಲ್ಲ. ಮತ್ತು ದಯವಿಟ್ಟು "ಗಟ್ಟ" ಎಂದು ಬರೆಯಿರಿ, ಮಾತಿನಲ್ಲಿ ಯಾರೂ ಘ ಉಲಿಯುವುದಿಲ್ಲ.

——
ಧಾರವಾಡದಿಂದ, 6:05

ಮಡಿ ಅಂದ್ರ ಓದೋರಿಗೆ ಮಡಿ ಮೈಲಿಗಿ ನೆನಪಾಗತದ, ಇಲ್ಲಾ ಯಾರೋ ಮಡಿದ್ರು ಅಂತಾರ. ನಡಿಯೂದಿಲ್ಲ ಬಿಡ್ರಿ.

ನಮ್ಮ ಕಡೆ ಆಟೋದವಗ "ಎಡಕ್ಕ ಹೊಳ್ಳು" ಅಂತೀವಿ. "ಹೊಳ್ಳಿ ಬಂದಾ" ಅಂದ್ರ ವಾಪಸ್ ಬಂದಾ ಅಂತ ಅರ್ಥ. ತಿರುಗೂದು, ಹಿಂದಕ್ಕ ಬರೂದು, ಎರಡೂ ಅದರಾಗ ಅದ, ನಿಮಗ ಬೇಕಾದ್ದು ಅದೇ ಅಲ್ಲೇನ್ರಿ? ಇದು ಹೊರಳು ಅನ್ನೂದರಿಂದ ಬಂದದ್ದು, ಕೊರಳು ಕೊಳ್ಳು ಆದಂಗ, ಕರುಳು ಕಳ್ಳು ಆದಂಗ. ಹಳಗನ್ನಡದಾಗ ಪೊರಳ್. ಅದಕ್ಕ "26 ಹೊರಳು" ಅಂತ ಬರೀರಿ.

——
ಮೈಸೂರಿನಿಂದ, 6:20

ಕೊರಳು ಕೊಳ್ಳು ಆಗುತ್ತದೆ ಎಂದಿರಿ, ಅತ್ತ ಕೋಲ್ ಡೆಲ್ಸ್ ರೇಯ್ಸ್. ಕೋಲ್, ಕೊಳ್ಳು! ಎರಡಕ್ಕೂ ಬೇರು ಒಂದೇ ಇರಬೇಕು, ಇದನ್ನು ಯಾರಾದರೂ ಕೆದಕಿ ನೋಡಬೇಕು. ಹೊರಳು ಬೇಡ, ಸೈಕಲ್ಲಿನವರು ಬಿದ್ದು ಹೊರಳಾಡಿದರು ಎಂದು ಓದುತ್ತಾರೆ.

——
ತೀರ್ಥಹಳ್ಳಿ ಕಡೆಯಿಂದ, 6:50

ಆಗುಂಬೆಯ 14 ತಿರುವು ನೋಡ್ತಾ ಬೆಳೆದವಳು ನಾನು, ಅದಕ್ಕೇ ಬರೀತಿದೀನಿ. ರಸ್ತೆ ತಿರುಗೋ ಜಾಗಕ್ಕೆ ನಾವು ತಿರುಗಾಸು ಅಂತೀವಿ, ಆದ್ರೆ ಅದು ಎಲ್ಲಾ ತಿರುವಿಗೂ ಹೇಳೋ ಮಾತು, ನಿಮ್ಮ 26ಕ್ಕೆ ಮಾತ್ರ ಅಂತ ಆಗಲ್ಲ. ಹತ್ತೋ ರಸ್ತೆಗೆ ಚಡಾವು. "ಆ ಚಡಾವಲ್ಲಿ ಲೋಡ್ ಲಾರಿ ಹತ್ತಲ್ಲ" ಅಂದ್ರೆ ಮಲೆನಾಡಲ್ಲಿ ಮಕ್ಕಳಿಗೂ ಗೊತ್ತಾಗತ್ತೆ. "ಏರು" ಅಂದ್ರೆ ನೇಗಿಲು ಹೂಡೋದೂ ಆಗತ್ತೆ, ಇನ್ನೊಂದಕ್ಷರ ತಪ್ಪಿದ್ರೆ ಕೆರೆ ಏರಿ.

ಟೈ ಗಂಟಿಗೆ ಕುಣಿಕೆ ಅನ್ನಿ. ಕರು ಕಟ್ಟೋವಾಗ ನೋಡಿದೀರಲ್ಲ, ಹಗ್ಗ ಒಂದು ಸುತ್ತು ಬಂದು ತನ್ನ ಕೆಳಗಿಂದಲೇ ನುಸುಳಿ ಆಚೆ ಬರತ್ತೆ. ನೀವು ಹೇಳಿದ ರಸ್ತೆ ಮಾಡೋದೂ ಅದನ್ನೇ. ಟೈ ಥರ ಎಳೆದ್ರೆ ಬಿಗಿಯಾಗೋದಕ್ಕೆ ಜೀರುಗುಣಿಕೆ ಅಂತ ಬೇರೆ ಮಾತೇ ಇದೆ, ಆದ್ರೆ ರಸ್ತೆನ ಯಾರೂ ಎಳೆಯಲ್ಲ, ಬರೀ ಕುಣಿಕೆ ಸಾಕು.

——
ಮೈಸೂರಿನಿಂದ, 7:02

ಚಡಾವು ಕನ್ನಡವೇ ಅಲ್ಲ. ಮರಾಟಿಯ ಎಂಜಲು. ಕುಣಿಕೆ ಎಂದರೆ ನೇಣು. ಹೀಗೆ ಒಂದೊಂದೇ ಎರವಲು ತಂದು ಸುರಿದರೆ ನಾಳೆ ನಮ್ಮದು ಎನ್ನಲು ಏನು ಉಳಿಯುತ್ತದೆ? ಏರು, ಇಳಿ, ತಿರುವು, ದಾರಿ. ಇಷ್ಟು ಸಾಕು.

——
ತೀರ್ಥಹಳ್ಳಿ ಕಡೆಯಿಂದ, 7:15

ಎಂಜಲು ಅಂತ ಅನ್ನಬೇಡಿ ಸರ್. ನಮ್ಮಜ್ಜಿ ಬಾಯಲ್ಲಿದ್ದ ಮಾತು ಅದು, ಅವರು ಮರಾಠಿ ಕೇಳಿದವರೇ ಅಲ್ಲ. ನೀವು ನಿಮ್ಮ ಮೊದಲನೇ ಇಮೇಲಲ್ಲೇ "ರಸ್ತೆ ಮಡಚಿಕೊಂಡಿದೆ" ಅಂತ ಬರೆದ್ರಲ್ಲ, ರಸ್ತೆ ಪಾರ್ಸಿ ಮಾತು. ಯಾರೂ ನಿಮ್ಮನ್ನ ಕೇಳಲಿಲ್ಲ. ನೇಣಿಗಿಂತ ಮುಂಚೆ ಕುಣಿಕೆ ಇದ್ದದ್ದು ಕೊಟ್ಟಿಗೆಲಿ.

——
ಬೆಂಗಳೂರಿನಿಂದ, 7:30

ಇದೆಲ್ಲ ಯಾಕೆ? ಬಸ್ ಡ್ರೈವರುಗಳೇ ಹೇರ್‌ಪಿನ್ ಅಂತಾರೆ. ವಾರಾವಾರ ನಂದಿ ಬೆಟ್ಟಕ್ಕೆ ಸೈಕಲ್ ಹೊಡೆಯೋ ನಮ್ಮ ಹುಡುಗ್ರೂ ಹೇರ್‌ಪಿನ್ ಅಂತಾರೆ. ಹಾಗೇ ಬರೀರಿ, ಮುಗೀತು.

——
ಧಾರವಾಡದಿಂದ, 7:41

ಮುಗಿಲಿಲ್ಲ. ಹೇರ್‌ಪಿನ್ ತಪ್ಪಲ್ಲ, ಖರೇ. ಆದ್ರ ಕೇಳಿದವರು ಇಂಗ್ಲಿಷ್ ಪದ ಗೊತ್ತಿಲ್ಲಂತ ಕೇಳಿಲ್ಲ. ಊರಾಗ ದಿನಾ ಆಡೋ ಮಾತು ಇದ್ದಾಗ ಅದನ್ನ ಒಮ್ಮಿ ಅಚ್ಚಿನಾಗ ನೋಡೋಣಂತ ಆಸೆ ಪಟ್ರ ಅದಕ್ಕೂ ಬ್ಯಾಡ ಅನ್ನಬ್ಯಾಡ್ರಿ.

——
ಕೇಳಿದವನಿಂದ, ರಾತ್ರಿ 8:25

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನ ಸರ್, ನಿಮ್ಮ ಕಾಳಜಿ ನನಗೆ ಅರ್ಥ ಆಗತ್ತೆ, ಆದ್ರೆ ಎರಡು ವಿಷಯ ಹೇಳಲೇಬೇಕು. ಕೊಲೊಬ್ರ ಅಂದ್ರೆ ಹಾವು, ನಿಜ, ಆದ್ರೆ ಸಾ ಕಲೋಬ್ರಾ ಊರಿನ ಹೆಸರು, ರಸ್ತೆ ಆಗೋಕ್ಕೆ ಮುಂಚಿನಿಂದ ಇದ್ದದ್ದು. ರಸ್ತೆ ಹಾವಿನ ಥರ ಇದೆ ಅಂತ ಊರಿಗೆ ಆ ಹೆಸರು ಬಂದಿರೋಕೆ ಸಾಧ್ಯ ಇಲ್ಲ. ಇನ್ನು ಕೋಲ್, ಅದು ಲ್ಯಾಟಿನ್ನಿನ ಕೊಲ್ಲುಮ್ ಇಂದ ಬಂದದ್ದು, ಅಲ್ಲಿಯವರ ಭಾಷೆ ಕತಲಾನಿನಲ್ಲಿ ಕುತ್ತಿಗೆಗೂ ಅದೇ ಮಾತು ಬೆಟ್ಟದ ಕಣಿವೆ ದಾರಿಗೂ ಅದೇ ಮಾತು. ಅರ್ಥ ಕೂಡಿ ಬಂದದ್ದು ಓದಿ ನನಗೂ ಖುಷಿಯಾಯ್ತು, ಆದ್ರೆ ನಮ್ಮ ಕೊಳ್ಳಿಗೂ ಅದಕ್ಕೂ ನಂಟಿಲ್ಲ. ಎರವಲಿನ ಮಾತು ಬಂತಲ್ಲ, ಮಯೋರ್ಕಾದವರು ಅಷ್ಟು ಪ್ರೀತಿಯಿಂದ ಹೇಳೋ ಕೊರ್ಬಾತಾ (ಟೈ) ಕೂಡ ಅವರ ಸ್ವಂತದ್ದಲ್ಲ, ಕ್ರೊಯೇಷಿಯಾದ ಜನರ ಹೆಸರಿಂದ ಇಟಲಿ ಮೇಲೆ ಬಂದದ್ದು. ಅವರು ಅದನ್ನ ತಮ್ಮ ಬೆಟ್ಟಕ್ಕೆ ಕಟ್ಟಿಕೊಂಡಿದಾರೆ.

ಚಡಾವು ಇಟ್ಕೊಂಡೆ. ಕೊನೇ ಮೂರು ಕಿಲೋಮೀಟರಲ್ಲಿ ನೀರು ಖಾಲಿಯಾಗಿ, ಮೇಲೆ ಕತ್ತೆತ್ತಿದ್ರೆ ಬಂಡೆ ಮಧ್ಯ ಇನ್ನೂ ನಾಲ್ಕು ಸಾಲು ಗೋಡೆ ಕಾಣಿಸಿದಾಗ ನನಗಾಗಿದ್ದು "ಏರು" ಅನ್ನೋದ್ರಲ್ಲಿ ಬರಲಿಲ್ಲ, ಬರೆದು ನೋಡಿದೆ. ಕುಣಿಕೆನೂ ಇಟ್ಕೊಂಡೆ, "ಟೈ ಗಂಟಿನ ಕುಣಿಕೆ" ಅಂತ. ಮೇಡಂ, ಕರು ಹಗ್ಗದ ಮಾತು ನಿಮ್ಮ ಅನುಮತಿ ಇದ್ರೆ ಹಾಗೇ ಹಾಕ್ತೀನಿ, ಅದಕ್ಕಿಂತ ಚೆನ್ನಾಗಿ ಆ ರಸ್ತೆನ ವಿವರಿಸೋಕೆ ನನಗಾಗಲಿಲ್ಲ.

26ಕ್ಕೆ ಹೊರಳು. ಮೊದಲ ಸಲ ಬರೋ ಕಡೆ "ಹೇರ್‌ಪಿನ್ ಹೊರಳು", ಆಮೇಲೆಲ್ಲ ಬರೀ ಹೊರಳು. ಧಾರವಾಡದ ಸರ್, ಒಂದೇ ಒಂದು ಡೌಟು: ಬಹುವಚನ "ಹೊರಳುಗಳು" ಅಂತ ಮಾಡ್ಲಾ, ಇಲ್ಲಾ "26 ಹೊರಳು" ಅಂತ ಹಾಗೇ ಬಿಡ್ಲಾ? ಹತ್ತೂವರೆಗೆ ಫೈಲ್ ಕಳಿಸ್ತೀನಿ.

——
ಧಾರವಾಡದಿಂದ, 8:31

ಹಂಗೇ ಬಿಡ್ರಿ. ನಾಲ್ಕು ಎಕರೆ, ಹತ್ತು ರೂಪಾಯಿ, 26 ಹೊರಳು.