ಕ್ಯಾಮೆರಾ ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ ಅಂದರೆ ಕಾಫಿ ಹಣ್ಣು ಕೆಂಪಾಗಿ ಬರುವುದು ಹೇಗೆ?

ಸಸಿಮಡಿ:
ಸೋಮವಾರಪೇಟೆ ಕಡೆ ನಮ್ಮದು ಸಣ್ಣ ತೋಟ. ಮೊನ್ನೆ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅರೇಬಿಕಾ ಹಣ್ಣಿನ ಫೋಟೊ ತೆಗೆದೆ. ಎಲೆಯ ನರ ನರವೂ ಕಾಣುತ್ತದೆ, ಹಣ್ಣು ಮಾತ್ರ ಪೇಂಟ್ ಬಳಿದ ಹಾಗೆ ಒಂದೇ ಕೆಂಪು ಮುದ್ದೆ. ಫೋಕಸ್ ಸರಿಯಾಗಿಯೇ ಇತ್ತು. ಗೆಳೆಯನಿಗೆ ತೋರಿಸಿದರೆ "ಸೆನ್ಸರ್‌ಗೆ ಬಣ್ಣವೇ ಗೊತ್ತಿಲ್ಲ ಮಾರಾಯ" ಅಂತ ನಕ್ಕು ಹೋದ. ಹಾಗಾದರೆ ಈ ಕೆಂಪು ಎಲ್ಲಿಂದ ಬಂತು?

ಕರಿಮೆಣಸು:
ಗೆಳೆಯ ಹೇಳಿದ್ದು ನಿಜ. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್, ಅದರ ಒಂದೊಂದು ಚುಕ್ಕಿಗೂ ಎಷ್ಟು ಬೆಳಕು ಬಿತ್ತು ಅನ್ನುವುದಷ್ಟೇ ಗೊತ್ತು. ಅದಕ್ಕೇ ಪ್ರತಿ ಚುಕ್ಕಿಯ ಮೇಲೆ ಪುಟ್ಟ ಬಣ್ಣದ ಫಿಲ್ಟರ್ ಕೂರಿಸಿರುತ್ತಾರೆ. ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಅನ್ನುವವರ ಐಡಿಯಾ ಇದು, 1976ರಲ್ಲಿ ಪೇಟೆಂಟ್ ಸಿಕ್ಕಿತು. ಅಂದರೆ ನಿಮ್ಮ 24 ಮೆಗಾಪಿಕ್ಸೆಲ್‌ನಲ್ಲಿ (2.4 ಕೋಟಿ ಚುಕ್ಕಿ) ಕೆಂಪನ್ನು ನಿಜವಾಗಿ ಅಳೆಯುವುದು ಸುಮಾರು 60 ಲಕ್ಷ ಚುಕ್ಕಿ ಮಾತ್ರ, ಉಳಿದ ಕಡೆಯೆಲ್ಲ ಅಕ್ಕಪಕ್ಕದ ಚುಕ್ಕಿ ನೋಡಿ "ಇಲ್ಲಿ ಇಷ್ಟು ಕೆಂಪು ಇರಬಹುದು" ಅಂತ ಲೆಕ್ಕ ಹಾಕಿ ತುಂಬುವುದು. ಇದಕ್ಕೆ ಡಿಮೊಸೈಸಿಂಗ್ ಅನ್ನುತ್ತಾರೆ. ಕಡು ಕೆಂಪು ಹಣ್ಣಿನ ಮುಂದೆ ಹಸಿರು, ನೀಲಿ ಚುಕ್ಕಿಗಳಿಗೆ ಹೆಚ್ಚು ಕಡಿಮೆ ಕತ್ತಲೆ. ವಿವರ ಕಮ್ಮಿಯಾಗದೆ ಇನ್ನೇನು?

ರೋಬಸ್ಟಾ:
ಹಸಿರು ಯಾಕೆ ಎರಡು? ನಮ್ಮ ಕೊಡಗಿಗೆ ಅಂತಲೇ ಮಾಡಿದ್ದಾ 😄 ಇನ್ನೊಂದು ವಿಷಯ, ನಮ್ಮ ನರ್ಸರಿಯ ನೆರಳು ನೆಟ್ ಫೋಟೊ ತೆಗೆದರೆ ಅದರ ಮೇಲೆ ಇಲ್ಲದ ನೇರಳೆ, ಹಳದಿ ಪಟ್ಟೆ ಬರುತ್ತದೆ. ಲೆನ್ಸ್ ಹಾಳಾಗಿದೆ ಅಂತ ಸುಮ್ನೆ ಬೈದುಕೊಂಡಿದ್ದೆ.

ಕರಿಮೆಣಸು:
ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಜಾಸ್ತಿ ಗುರುತಿಸುವುದು ಹಸಿರಿನಲ್ಲೇ, ಅದಕ್ಕೆ ಎರಡು. ಲೆನ್ಸ್ ಪಾಪ, ಬೈಯಬೇಡಿ. ನೆಟ್‌ನ ಹೆಣಿಗೆ ಚುಕ್ಕಿಗಳ ಸಾಲಿಗಿಂತ ಸಣ್ಣದಾದಾಗ ಆ ಅಂದಾಜು ತಪ್ಪಿ ಬಣ್ಣ ಹುಟ್ಟುತ್ತದೆ. ಇದು ಮೊಯರೆ. ಎರಡು ಹೆಜ್ಜೆ ಹಿಂದೆ ಮುಂದೆ ಹೋಗಿ ತೆಗೆದು ನೋಡಿ.

ಮಂಜಿನೂರು:
ಕರಿಮೆಣಸು ಅವರೇ, ಪೂರ್ತಿ ತಪ್ಪನ್ನು ಫಿಲ್ಟರ್ ಮೇಲೆ ಹಾಕಬೇಡಿ. ಎಲೆಯಲ್ಲಿ ವಿವರ ಇದೆ, ಹಣ್ಣು ಒಂದೇ ಮುದ್ದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಎಕ್ಸ್‌ಪೋಶರ್ ಮೇಲೆ, ಅಂದರೆ ಒಳಗೆ ಬಿಟ್ಟ ಬೆಳಕಿನ ಪ್ರಮಾಣದ ಮೇಲೆ. ಮರದ ನೆರಳು, ಕಡು ಹಸಿರು ಎಲೆ ನೋಡಿ ಕ್ಯಾಮೆರಾ ಬೆಳಕು ಏರಿಸುತ್ತದೆ, ಆಗ ಜೆಪೆಗ್‌ನಲ್ಲಿ (ಕ್ಯಾಮೆರಾ ಸಿದ್ಧ ಮಾಡಿ ಕೊಡುವ ಫೋಟೊ ಫೈಲ್) ಕೆಂಪು ತುಂಬಿ ಚೆಲ್ಲುತ್ತದೆ. ಬರೀ ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಕೆಂಪಿನದ್ದು ಬೇರೆ ನೋಡಬೇಕು. ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ, ರಾ ಫೈಲ್ (ಸೆನ್ಸರ್ ಅಳೆದದ್ದು ಹಾಗೇ ಇರುವ ಫೈಲ್) ಇಟ್ಟುಕೊಳ್ಳಿ.

ಸಸಿಮಡಿ:
ಇಳಿಸಿ ತೆಗೆದೆ. ಹಣ್ಣಿನ ತುದಿಯಲ್ಲಿರುವ ಸಣ್ಣ ಉಂಗುರ ಈಗ ಕಾಣುತ್ತಿದೆ! ತೀರಾ ಹತ್ತಿರದಿಂದ ನೋಡಿದರೆ ಎಲೆಯಷ್ಟು ಚೂಪಿಲ್ಲ, ಅದು 60 ಲಕ್ಷದ ಕಥೆ ಇರಬೇಕು. ಎಲೆಯೆಲ್ಲ ಕತ್ತಲಾಗಿದೆ. ಕರೆಂಟ್ ಬಂದ ಮೇಲೆ ರಾ ಫೈಲ್ ತೆರೆದು ಸರಿ ಮಾಡುತ್ತೇನೆ.